ಮೊದಲು ಪಟ್ಟಿ, ಆಮೇಲೆ ಕ್ಯಾಮೆರಾ

ಸಾಗರದ ಹತ್ತಿರದ ಒಂದು ಹಳ್ಳಿ. ಮೇ ತಿಂಗಳ ಮಧ್ಯಾಹ್ನ. ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿವೆ. ಮೂವತ್ತು ವರ್ಷ ಪೇಟೆಯಲ್ಲಿ ಫೋಟೊ ಸ್ಟುಡಿಯೊ ನಡೆಸಿ, ಈಗ ತೋಟ ನೋಡಿಕೊಂಡಿರುವ ಮಾವ ಜಗಲಿಯಲ್ಲಿ ಕೂತಿದ್ದಾರೆ. ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದ ಅಕ್ಕನ ಮಗಳು ರಜೆ ಹಾಕಿ ಬಂದಿದ್ದಾಳೆ.

ಅವಳು: ಮಾವ, ತಿಂಗಳು ತಿಂಗಳು ಎತ್ತಿಟ್ಟು 40,000 ರೂಪಾಯಿ ಮಾಡಿಕೊಂಡಿದ್ದೇನೆ. ಒಂದು ಕ್ಯಾಮೆರಾ ತಗೋಬೇಕು. ನೀವು ಯಾವುದು ಹೇಳಿದರೆ ಅದು. ಎಲ್ಲದಕ್ಕೂ ಆಗುವಂಥದ್ದಾಗಿರಬೇಕು, ಅಷ್ಟೇ.

ಮಾವ: ಎಲ್ಲದಕ್ಕೂ ಅಂದರೆ ಯಾವ ಯಾವುದಕ್ಕೆ?

ಅವಳು: ಕಂಡದ್ದಕ್ಕೆಲ್ಲ.

ಮಾವ: ಸ್ಟುಡಿಯೊದಲ್ಲಿದ್ದಾಗ ಈ ಪ್ರಶ್ನೆಯನ್ನ ಎಷ್ಟು ಜನ ಕೇಳಿದಾರೋ ಲೆಕ್ಕ ಇಲ್ಲ. ಯಾರಿಗೂ ನಾನು ಮೊದಲೇ ಕ್ಯಾಮೆರಾದ ಹೆಸರು ಹೇಳಿದ್ದಿಲ್ಲ. ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಗೊಂಡು ಬಾ. ಮುಂದಿನ ಒಂದು ವರ್ಷದಲ್ಲಿ ನಿನ್ನ ಕೈಯಿಂದ ಯಾವ ಚಿತ್ರಗಳು ಬರಬೇಕು ಅಂತ ಆಸೆ ಇದೆಯೋ ಅದನ್ನ ಬರಿ. 'ಪ್ರಕೃತಿ', 'ಜನಜೀವನ' ಅಂತ ಬರೀಬೇಡ. ಓದಿದರೆ ಕಣ್ಣಿಗೆ ಕಟ್ಟಬೇಕು, ಹಾಗೆ ಬರಿ.

ಅವಳು: (ಸ್ವಲ್ಪ ಹೊತ್ತಿನ ಮೇಲೆ) ಓದ್ತೇನೆ ಕೇಳಿ. ಒಂದು, ರಾತ್ರಿ ಯಕ್ಷಗಾನದ ಆಟದಲ್ಲಿ ವೇಷಧಾರಿ ಮಂಡಿ ಹಾಕಿ ತಿರುಗೋದು. ಎರಡು, ಚೌಕಿಯಲ್ಲಿ ಕೂತು ಬಣ್ಣ ಹಚ್ಚಿಕೊಳ್ಳೋ ಕಲಾವಿದರ ಮುಖ. ಮೂರು, ಹಪ್ಪಳ ಒತ್ತುವ ಅಜ್ಜಿಯ ಕೈ, ಜೊತೆಗೆ ಅಜ್ಜಿ ಅಡುಗೆಮನೆಯಲ್ಲಿ ಮಾತಾಡೋದರ ವಿಡಿಯೊ. ನಾಲ್ಕು, ಮಳೆಗಾಲದ ಅಣಬೆ, ಕಪ್ಪೆ, ಎಲೆ ಮೇಲಿನ ಹುಳ. ಐದು, ತೋಟದಾಚೆಯ ಆಲದ ಮರಕ್ಕೆ ಹಣ್ಣು ತಿನ್ನಲು ಬರೋ ಮಂಗಟ್ಟೆ ಹಕ್ಕಿ. ಆರು, ಜೋಗ, ಲಿಂಗನಮಕ್ಕಿ ಹಿನ್ನೀರು, ಇಕ್ಕೇರಿ ದೇವಸ್ಥಾನ.

ಮಾವ: ಒಳ್ಳೇ ಪಟ್ಟಿ. ಈಗ ಇದರಲ್ಲಿ ನಿನ್ನ ಫೋನ್ ಆಗಲೇ ಚೆನ್ನಾಗಿ ಮಾಡುವ ಕೆಲಸ ಯಾವುದು ಹೇಳು.

ಅವಳು: ಆರನೇದು. ಹಗಲಲ್ಲಿ ಜೋಗ, ದೇವಸ್ಥಾನ ಎಲ್ಲ ಫೋನಲ್ಲೇ ಚೆನ್ನಾಗಿ ಬರುತ್ತೆ. ಆದರೆ ಮಾವ, ಈಗಿನ ಫೋನ್‌ಗಳಲ್ಲಿ ರಾತ್ರಿ ಮೋಡ್ ಕೂಡ ಇದೆ. ಮೊನ್ನೆ ಕತ್ತಲಲ್ಲಿ ತೆಗೆದ ಗುಡಿಯ ಚಿತ್ರ ಹಗಲಿನ ಹಾಗೆ ಬಂತು.

ಮಾವ: ಗುಡಿ ಅಲ್ಲಾಡಲಿಲ್ಲ, ಅದಕ್ಕೆ. ರಾತ್ರಿ ಮೋಡ್‌ನಲ್ಲಿ ಫೋನ್ ಒಂದರ ಹಿಂದೆ ಒಂದು ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಕೂಡಿಸಿ, ಗಲೀಜು ಕಾಳುಕಾಳನ್ನ ಅಳಿಸಿ ಒಂದು ಚಿತ್ರ ಮಾಡುತ್ತೆ. ನಿಂತ ಗುಡಿಗೆ, ಬೆಟ್ಟಕ್ಕೆ ಅದು ಸರಿ. ಮಂಡಿ ಹಾಕಿ ತಿರುಗ್ತಾ ಇರೋ ವೇಷ ಒಂದು ಚಿತ್ರದಲ್ಲಿ ಇದ್ದ ಜಾಗದಲ್ಲಿ ಇನ್ನೊಂದರಲ್ಲಿ ಇರೋದಿಲ್ಲ. ಕೂಡಿಸೋದಕ್ಕೆ ಹೋದರೆ ಕಲಸಿಹೋಗುತ್ತೆ. ಹೊಸ ಕ್ಯಾಮೆರಾ ಯಾಕೆ ಬೇಕು ಅನ್ನೋದಕ್ಕೆ ಉತ್ತರ ಅಲ್ಲೇ ಇದೆ. ಫೋನಿನ ಕೈಲಿ ಆಗದ್ದಕ್ಕೆ ದುಡ್ಡು ಹಾಕು. ಆರನೇದನ್ನ ಹೊಡೆದುಹಾಕು, ಅದು ಜೇಬಲ್ಲೇ ಇದೆ.

ಅವಳು: ಹೊಡೆದೆ. ಇನ್ನು ಐದು. ಆದರೆ ಫೋನಲ್ಲಿ 50 ಮೆಗಾಪಿಕ್ಸೆಲ್ ಇದೆ, ನಾನು ನೋಡಿದ ಕ್ಯಾಮೆರಾಗಳಲ್ಲಿ 24 ಮಾತ್ರ. ಕ್ಯಾಮೆರಾ ಹೇಗೆ ಹೆಚ್ಚಾಯ್ತು?

ಮಾವ: ಅಡಿಕೆ ಒಣಗಿಸೋದನ್ನ ನೋಡಿ ಬೆಳೆದವಳು ನೀನು. ಇಡೀ ಊರಿಗೆ ಬೀಳೋದು ಒಂದೇ ಬಿಸಿಲು. ಅಂಗಳ ದೊಡ್ಡದಿದ್ದ ಮನೆಯಲ್ಲಿ ಒಂದೇ ದಿನಕ್ಕೆ ಹೆಚ್ಚು ಅಡಿಕೆ ಒಣಗುತ್ತೆ. ಸಣ್ಣ ಅಂಗಳಕ್ಕೆ ಐವತ್ತು ಗೆರೆ ಎಳೆದು ಚೌಕ ಮಾಡಿದರೆ ಬಿಸಿಲು ಜಾಸ್ತಿ ಬೀಳುತ್ತಾ? ಇಲ್ಲ. ಮೆಗಾಪಿಕ್ಸೆಲ್ ಅಂದರೆ ಚೌಕಗಳ ಲೆಕ್ಕ, ಸೆನ್ಸರ್ ಅಂದರೆ ಬೆಳಕು ಬೀಳುವ ಅಂಗಳ. ಫೋನಿನದು ಸಣ್ಣ ಅಂಗಳ. ಸಣ್ಣ ಜೂಮ್ ಕ್ಯಾಮೆರಾಗಳಲ್ಲಿ ಸೆನ್ಸರ್ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ. ನಿನ್ನ ಕೈಗೆ ಎಟಕುವ ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಅದು ಸುಮಾರು 22.3ಕ್ಕೆ 14.9. ಗುಣಿಸಿ ನೋಡು, ವಿಸ್ತೀರ್ಣದಲ್ಲಿ ಹನ್ನೊಂದು ಹನ್ನೆರಡು ಪಟ್ಟು. ಈ ಅಳತೆಗೆ ಎಪಿಎಸ್-ಸಿ ಅಂತಾರೆ. ನಿಕಾನ್, ಸೋನಿ, ಫ್ಯೂಜಿಯವರ ಎಪಿಎಸ್-ಸಿ ಇನ್ನೂ ಒಂಚೂರು ದೊಡ್ಡದು. ಇದಕ್ಕಿಂತ ದೊಡ್ಡದು ಹಳೇ ರೀಲಿನ ಅಳತೆ, 36ಕ್ಕೆ 24. ಅದು ಫುಲ್ ಫ್ರೇಮ್. ಅದರ ಕಡೆ ಈಗ ನೋಡಬೇಡ, ಕ್ಯಾಮೆರಾಗಿಂತ ಅದರ ಲೆನ್ಸ್‌ಗಳಿಗೇ ದುಡ್ಡು ಸಾಲೋದಿಲ್ಲ.

ಅವಳು: ಅಂದರೆ 24 ಮೆಗಾಪಿಕ್ಸೆಲ್ ಸಾಕು.

ಮಾವ: ಬೇಕಾದ್ದಕ್ಕಿಂತ ಜಾಸ್ತಿ. 24 ಅಂದರೆ ಅಡ್ಡಕ್ಕೆ 6000, ಉದ್ದಕ್ಕೆ 4000 ಚುಕ್ಕೆ. ಗೋಡೆಗೆ ಹಾಕುವ 12ಕ್ಕೆ 18 ಇಂಚಿನ ಪ್ರಿಂಟ್ ಚೊಕ್ಕಟವಾಗಿ ಬರೋದಕ್ಕೆ ಇಂಚಿಗೆ 300 ಚುಕ್ಕೆ ಲೆಕ್ಕ ಹಾಕಿದರೂ 5400ಕ್ಕೆ 3600 ಸಾಕು. ಸ್ಟುಡಿಯೊದಲ್ಲಿ 18 ಮೆಗಾಪಿಕ್ಸೆಲ್‌ನಲ್ಲಿ ಮದುವೆ ಆಲ್ಬಮ್‌ಗಳನ್ನೇ ಮಾಡಿದೀನಿ. ಯಾರೂ ಚುಕ್ಕೆ ಎಣಿಸಲಿಲ್ಲ. ಮುಖ ಚೆನ್ನಾಗಿ ಬಂದಿದೆಯಾ ಅಂತ ನೋಡಿದರು.

ಅವಳು: ಹಾಗಾದರೆ ಐದನೇದು, ಮಂಗಟ್ಟೆ ಹಕ್ಕಿ. ಆಫೀಸಿನಲ್ಲಿ ಒಬ್ಬರ ಹತ್ತಿರ ನಿಕಾನ್ ಪಿ900 ಇದೆ. ಚಂದ್ರನ ಮೇಲಿನ ಕುಳಿ ಕೂಡ ಕಾಣುತ್ತೆ ಅದರಲ್ಲಿ. ಒಂದೇ ಲೆನ್ಸ್, ಬದಲಾಯಿಸೋ ಕಷ್ಟ ಇಲ್ಲ. ಎಲ್ಲದಕ್ಕೂ ಆಗೋದು ಅಂದರೆ ಅದೇ ಅಲ್ವಾ?

ಮಾವ: ಅದು ಒಳ್ಳೇ ಕ್ಯಾಮೆರಾ, ಅದರ ಕೆಲಸಕ್ಕೆ. 2015ರಲ್ಲಿ ಬಂತು, 83 ಪಟ್ಟು ಜೂಮ್, ದೂರದಲ್ಲಿ 2000 ಮಿಲಿಮೀಟರ್ ಲೆನ್ಸಿನಷ್ಟು ಎಳೆಯುತ್ತೆ. ಹಗಲು ಬಿಸಿಲಲ್ಲಿ ಆಲದ ಮರದ ತುದಿಯಲ್ಲಿ ಕೂತ ಮಂಗಟ್ಟೆಯ ಕಣ್ಣು ಕಾಣಿಸುತ್ತೆ. ಆ ಜೂಮ್ ಹೇಗೆ ಬಂತು ಅಂತ ಯೋಚಿಸು. ಸೆನ್ಸರ್ ಸಣ್ಣದಾದ್ದರಿಂದಲೇ ಅಷ್ಟು ಉದ್ದದ ಜೂಮನ್ನ ಕೈಯಲ್ಲಿ ಹಿಡಿಯೋ ಹಾಗೆ ಮಾಡೋದಕ್ಕೆ ಆಯಿತು. ಆ ಸಣ್ಣ ಸೆನ್ಸರೇ ರಾತ್ರಿ ಆಟಕ್ಕೆ ಸೋಲುತ್ತೆ. ಒಂದನ್ನ ಕೊಡುವ ಗುಣವೇ ಇನ್ನೊಂದನ್ನ ಕಿತ್ತುಕೊಳ್ಳುತ್ತೆ. ಎಲ್ಲ ಕ್ಯಾಮೆರಾಗಳೂ ಹೀಗೇ. ಜೇಬಿಗೆ ಹಿಡಿಯೋದು ಕತ್ತಲನ್ನ ಬಿಡುತ್ತೆ. ಕತ್ತಲನ್ನ ಗೆಲ್ಲೋದು ಜೇಬನ್ನ ಬಿಡುತ್ತೆ. ದೂರಕ್ಕೆ ಹೋಗೋದು ಬೆಳಕನ್ನ ಬಿಡುತ್ತೆ. ದೂರ, ಬೆಳಕು ಎರಡನ್ನೂ ಕೊಡೋದು ಇದೆ, ಅದು ನಮ್ಮ ದುಡ್ಡನ್ನೂ ಬೆನ್ನನ್ನೂ ಬಿಡೋದಿಲ್ಲ.

ಅವಳು: ಅಂದರೆ ನಾನು ಏನನ್ನ ಬಿಡ್ತೇನೆ ಅಂತ ಮೊದಲು ಹೇಳಬೇಕು.

ಮಾವ: ಅದೇ. ಅಂಗಡಿಯವರು 'ಇದರಲ್ಲಿ ಏನೇನಿದೆ' ಅಂತ ಹೇಳ್ತಾರೆ. 'ಏನಿಲ್ಲ' ಅನ್ನೋದನ್ನ ನೀನೇ ಕೇಳಿ ತಿಳ್ಕೋಬೇಕು. ಟಿ. ಎಸ್. ಸತ್ಯನ್ ಹೆಸರು ಕೇಳಿದೀಯಲ್ಲ, ನಮ್ಮ ಮೈಸೂರಿನವರು. ಮನುಷ್ಯರ ಮುಖ ಹುಡುಕಿಕೊಂಡು ದೇಶ ಸುತ್ತಿದರು. 1979ರಲ್ಲಿ, ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನವಾದವು. ಆ ಕಡೆ ಮೂಡಿಗೆರೆಯಲ್ಲಿ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಾಗಿ ಗಂಟೆಗಟ್ಟಲೆ ಕಾದು ಕೂತರು. ಒಬ್ಬರಿಗೆ ಮನುಷ್ಯರ ಹತ್ತಿರ ಹೋಗೋದು ಬೇಕಿತ್ತು, ಇನ್ನೊಬ್ಬರಿಗೆ ದೂರದ ಹಕ್ಕಿಯನ್ನ ಬೆದರಿಸದೆ ಹಿಡಿಯೋದು ಬೇಕಿತ್ತು. ಇಬ್ಬರೂ ಒಂದೇ ಲೆನ್ಸ್ ಹಿಡಿದು ಹೊರಟಿದ್ದರೆ ಯಾರಾದರೊಬ್ಬರು ಬರಿಗೈಲಿ ಬರ್ತಿದ್ದರು. ನಿನ್ನ ಪಟ್ಟಿ ನೋಡು. ಹಕ್ಕಿ ಬಿಟ್ಟರೆ ಉಳಿದ ನಾಲ್ಕೂ ಹತ್ತಿರದವು. ಮೂರಂತೂ ಮನುಷ್ಯರವು, ಅರೆಬೆಳಕಿನವು.

ಅವಳು: ಆದರೂ ಹಕ್ಕಿ ಹೊಡೆದುಹಾಕೋದಕ್ಕೆ ಮನಸ್ಸು ಬರ್ತಿಲ್ಲ ಮಾವ.

ಮಾವ: ಇವತ್ತೇ ಹೊಡೀಬೇಡ. ನಾಡಿದ್ದು ರಾತ್ರಿ ಪಕ್ಕದೂರಲ್ಲಿ ಆಟ ಇದೆಯಲ್ಲ, ನನ್ನ ಹಳೇ ಕ್ಯಾನನ್ 1300ಡಿ ತಗೊಂಡು ಹೋಗು. ಅದಕ್ಕೆ 18ರಿಂದ 55 ಮಿಲಿಮೀಟರ್‌ನ ಕಿಟ್ ಲೆನ್ಸ್ ಹಾಕಿದೆ. ಚೀಲದಲ್ಲಿ ಇನ್ನೊಂದು ಸಣ್ಣ ಲೆನ್ಸ್ ಇದೆ, 50 ಮಿಲಿಮೀಟರ್, ಎಫ್/1.8. ಅದಕ್ಕೆ ಜೂಮ್ ಇಲ್ಲ. ಮಧ್ಯರಾತ್ರಿ ತನಕ ಕಿಟ್ ಲೆನ್ಸಲ್ಲೇ ತೆಗಿ. ಆಮೇಲೆ ಅದನ್ನ ಬಿಚ್ಚಿ ಈ ಸಣ್ಣದನ್ನ ಹಾಕಿಕೋ. ಬೆಳಗ್ಗೆ ಬಂದು ಕಾರ್ಡ್ ಕೊಡು. ಯಾವುದನ್ನೂ ಅಳಿಸಬೇಡ, ಕೆಟ್ಟದ್ದನ್ನಂತೂ ಅಳಿಸಲೇಬೇಡ.

*

ಆಟದ ಮರುದಿನ. ಅವಳು ಇನ್ನೂ ನಿದ್ದೆಗಣ್ಣಲ್ಲೇ ಇದ್ದಾಳೆ. ಜಗಲಿಯಲ್ಲಿ ಮಾವನ ಮುಂದೆ ಲ್ಯಾಪ್‌ಟಾಪ್.

ಮಾವ: ಒಟ್ಟು 412 ಚಿತ್ರ. ಬಾ ಕೂತ್ಕೋ. ಪ್ರತಿ ಚಿತ್ರದ ಒಳಗೂ ಅದನ್ನ ಹೇಗೆ ತೆಗೆದದ್ದು ಅನ್ನೋ ಲೆಕ್ಕ ತಾನಾಗಿ ಬರೆದಿರುತ್ತೆ. ಎಷ್ಟು ಮಿಲಿಮೀಟರ್, ಎಷ್ಟು ಸೆಕೆಂಡ್, ಎಷ್ಟು ಐಎಸ್‌ಒ, ಅಂದರೆ ಬೆಳಕಿಗೆ ಎಷ್ಟು ಸೂಕ್ಷ್ಮ, ಎಲ್ಲ. ಹೊಸದಾಗಿ ಕ್ಯಾಮೆರಾ ತಗೊಳ್ಳೋರಿಗೆ ಇದಕ್ಕಿಂತ ಒಳ್ಳೇ ಸಲಹೆಗಾರ ಇಲ್ಲ. ನಿನ್ನ ಕಿಟ್ ಲೆನ್ಸಿನ ಚಿತ್ರಗಳಲ್ಲಿ ಮುಕ್ಕಾಲು ಪಾಲು 55ರಲ್ಲೇ ಇವೆ. 18ರಲ್ಲಿ ತೆಗೆದದ್ದು ಬೆರಳೆಣಿಕೆ, ಅದೂ ರಂಗಸ್ಥಳ ಪೂರ್ತಿ ಬರಲಿ ಅಂತ ಶುರುವಲ್ಲಿ ತೆಗೆದದ್ದು.

ಅವಳು: ಹೌದು, ಆಮೇಲೆ ಮುಖದ ಹತ್ತಿರವೇ ಹೋಗಬೇಕು ಅನ್ನಿಸ್ತಿತ್ತು. ಆದರೆ ಮಂಡಿ ಹಾಕಿದ್ದೆಲ್ಲ ಕಲಸಿಹೋಗಿದೆ ಮಾವ. ಒಂದೂ ಸರಿಯಾಗಿ ಬಂದಿಲ್ಲ.

ಮಾವ: ಅದನ್ನೇ ನೋಡು. ಇಲ್ಲಿ ಎಫ್/5.6, ಐಎಸ್‌ಒ 1600, ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗ. ಅಷ್ಟು ಹೊತ್ತಿಗೆ ವೇಷ ಸರಿದುಹೋಗಿರುತ್ತೆ. ಈಗ ರಾತ್ರಿ ಎರಡು ಗಂಟೆಯ ಈ ಚಿತ್ರ ನೋಡು. ಅದೇ ದೀಪ, ಅದೇ ಐಎಸ್‌ಒ 1600. ಲೆನ್ಸ್ ಎಫ್/1.8. ಸೆಕೆಂಡಿನ 320ರಲ್ಲಿ ಒಂದು ಭಾಗ.

ಅವಳು: ಇದರಲ್ಲಿ ಕಿರೀಟದ ಗೊಂಡೆ ಕೂಡ ಗಾಳಿಯಲ್ಲಿ ನಿಂತಿದೆ. ಇಷ್ಟು ವ್ಯತ್ಯಾಸ ಹೇಗೆ?

ಮಾವ: ಲೆನ್ಸಿನ ಮಿಲಿಮೀಟರನ್ನ ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಗೆ ಬರೋ ಕಿಂಡಿಯ ಅಗಲ ಸಿಗುತ್ತೆ. 55 ಭಾಗಿಸು 5.6, ಹತ್ತು ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. 50 ಭಾಗಿಸು 1.8, ಸುಮಾರು 28 ಮಿಲಿಮೀಟರ್, ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಒಂದು ಕೂದಲು ದೊಡ್ಡದು. ಸೆನ್ಸರಿಗೆ ಬೀಳುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು ಆಯಿತು. ಅದಕ್ಕೇ ಸೆಕೆಂಡಿನ ಮೂವತ್ತನೇ ಒಂದು ಭಾಗ ಮುನ್ನೂರನೇ ಒಂದು ಭಾಗದ ಹತ್ತಿರ ಇಳಿಯಿತು. ಕ್ಯಾಮೆರಾ ಬದಲಾಗಲಿಲ್ಲ. ಇದೇ ಹಳೇ ಪೆಟ್ಟಿಗೆ, 2016ರದ್ದು.

ಅವಳು: ಕಿಟ್ ಲೆನ್ಸಲ್ಲಿ ಕೈ ಅಲ್ಲಾಡದ ಹಾಗೆ ತಡೆಯೋ ಏನೋ ಇದೆ ಅಂತಿದ್ದರಲ್ಲ?

ಮಾವ: ಇದೆ. ಅದು ನಿನ್ನ ಕೈ ನಡುಗೋದನ್ನ ತಡೆಯುತ್ತೆ, ವೇಷ ಕುಣಿಯೋದನ್ನ ತಡೆಯೋದಿಲ್ಲ. ತುಂಬಾ ಜನ ಇಲ್ಲೇ ಮೋಸ ಹೋಗೋದು.

ಅವಳು: ಆದರೆ ಸಣ್ಣ ಲೆನ್ಸಲ್ಲಿ ತೆಗೆದ ಎಷ್ಟೋ ಚಿತ್ರಗಳಲ್ಲಿ ಮೀಸೆ ಚೊಕ್ಕಟವಾಗಿದೆ, ಕಣ್ಣು ಮಬ್ಬಾಗಿದೆ.

ಮಾವ: ಅದು ಆ ಕಿಂಡಿಗೆ ಕೊಡೋ ಬೆಲೆ. ಅಷ್ಟು ಅಗಲ ತೆರೆದಾಗ ಸ್ಪಷ್ಟವಾಗಿ ನಿಲ್ಲೋ ಆಳ ಕಡಿಮೆ ಆಗುತ್ತೆ. ಮೂರು ಮೀಟರ್ ದೂರದಿಂದ ತೆಗೆದರೆ ಹತ್ತಿರ ಹತ್ತಿರ ಕಾಲು ಮೀಟರ್ ಅಷ್ಟೇ. ಇನ್ನೂ ಹತ್ತಿರ ಹೋದರೆ ಬೆರಳುಗಳ ಅಳತೆಗೆ ಇಳಿಯುತ್ತೆ. ಫೋಕಸ್ ಚುಕ್ಕೆಯನ್ನ ಕ್ಯಾಮೆರಾಗೆ ಬಿಡಬೇಡ, ನೀನೇ ಆರಿಸಿ ಕಣ್ಣಿನ ಮೇಲೆ ಇಡು. ಎಫ್/2.8ಕ್ಕೆ ತಂದುಕೊಂಡರೆ ಇನ್ನೂ ಸಲೀಸು. ಎರಡು ಆಟ ಕಳೆಯೋದರೊಳಗೆ ಅಭ್ಯಾಸ ಆಗುತ್ತೆ. ಈಗ ಹೇಳು, 412ರಲ್ಲಿ ನಿನಗೆ ಇಷ್ಟವಾದ ಹತ್ತು ಯಾವುದು?

ಅವಳು: (ಸ್ವಲ್ಪ ಹೊತ್ತು ನೋಡಿ) ಮಾವ, ಹತ್ತರಲ್ಲಿ ಎಂಟು ಚೌಕಿಯವು. ಬಲ್ಬಿನ ಕೆಳಗೆ ಕೂತು ಕನ್ನಡಿ ಹಿಡಿದು ಬಣ್ಣ ಎಳೆಯುವ ಆ ಅಜ್ಜ... ನನಗೆ ಮಂಡಿ ಹಾಕೋದರ ಚಿತ್ರವೇ ಬೇಕು ಅಂದುಕೊಂಡಿದ್ದೆ.

ಮಾವ: ಅದಕ್ಕೇ ಕಳಿಸಿದ್ದು. ಪಟ್ಟಿ ಬರೆಯೋದು ಬುದ್ಧಿ, ಚಿತ್ರ ತೆಗೆಯೋದು ಕಣ್ಣು. ಎರಡೂ ಒಂದೇ ಮಾತು ಹೇಳ್ತಾವಾ ಅಂತ ದುಡ್ಡು ಕೊಡೋ ಮೊದಲೇ ನೋಡಿಕೋಬೇಕು. ಮಾವನ ಹತ್ತಿರ ಕ್ಯಾಮೆರಾ ಇಲ್ಲದವರು ಗೆಳೆಯರಿಂದ ಕಡ ತರಲಿ, ಇಲ್ಲಾ ಪೇಟೆಯಲ್ಲಿ ದಿನದ ಬಾಡಿಗೆಗೆ ಕೊಡ್ತಾರೆ, ಅಲ್ಲಿಂದ ತರಲಿ. ಒಂದು ದಿನದ ಬಾಡಿಗೆ ಒಂದು ತಪ್ಪು ಕ್ಯಾಮೆರಾಗಿಂತ ಅಗ್ಗ.

ಅವಳು: ಹಕ್ಕಿಯನ್ನ ಹೊಡೆದುಬಿಡ್ತೇನೆ. ಇರಲಿ, ಪೂರ್ತಿ ಅಲ್ಲ. ಪಕ್ಕದಲ್ಲಿ 'ಆಮೇಲೆ' ಅಂತ ಬರೀತೇನೆ.

ಮಾವ: ಸರಿಯಾಗಿ ಬರೆದೆ. ಲೆನ್ಸ್ ಬದಲಾಯಿಸೋ ಕ್ಯಾಮೆರಾದ ಉಪಯೋಗವೇ ಅದು. ಎಲ್ಲದಕ್ಕೂ ಆಗಬೇಕು ಅಂತ ಮೊನ್ನೆ ಕೇಳಿದೆಯಲ್ಲ, ಎಲ್ಲದಕ್ಕೂ ಆಗುತ್ತೆ, ಒಂದೇ ದಿನಕ್ಕೆ ಅಲ್ಲ. ಮುಂದಿನ ವರ್ಷ ದುಡ್ಡು ಕೂಡಿದರೆ 55ರಿಂದ 250ರ ಒಂದು ಲೆನ್ಸ್ ಹಾಕಿಕೋ, ಎಪಿಎಸ್-ಸಿ ಸೆನ್ಸರಲ್ಲಿ ಅದು 400ರ ಹಾಗೆ ಕೆಲಸ ಮಾಡುತ್ತೆ. ಪಿ900ನಷ್ಟು ಎಳೆಯೋದಿಲ್ಲ, ಆದರೆ ಮರದ ಬುಡದಲ್ಲಿ ಕಾದು ಕೂತರೆ ಮಂಗಟ್ಟೆ ಸಿಗುತ್ತೆ. ಇನ್ನು ಅಣಬೆ, ಹುಳಕ್ಕೆ ಮ್ಯಾಕ್ರೊ ಲೆನ್ಸ್ ತಗೊಂಡರೆ ದುಬಾರಿ. ಎಕ್ಸ್‌ಟೆನ್ಶನ್ ಟ್ಯೂಬ್ ಅಂತ ಗಾಜಿಲ್ಲದ ಉಂಗುರಗಳು ಸಿಗುತ್ತವೆ. ಲೆನ್ಸನ್ನ ಸೆನ್ಸರಿನಿಂದ ಸ್ವಲ್ಪ ದೂರ ಇಟ್ಟರೆ ಇನ್ನೂ ಹತ್ತಿರದ್ದರ ಮೇಲೆ ಫೋಕಸ್ ಆಗುತ್ತೆ, ಅಷ್ಟೇ ಅದರ ಕೆಲಸ. ವಿದ್ಯುತ್ ಸಂಪರ್ಕದ ಬಿಂದುಗಳಿರುವ ಜೊತೆಯನ್ನೇ ಕೇಳಿ ತಗೋ, ಇಲ್ಲದಿದ್ದರೆ ಕಿಂಡಿ ಕಿರಿದು ಮಾಡೋದಕ್ಕೆ ಬರೋದಿಲ್ಲ.

ಅವಳು: ಈಗ ಹೆಸರು ಹೇಳಿ ಮಾವ.

ಮಾವ: ಹೇಳ್ತೇನೆ. ಹೊಸದೇ ಬೇಕು ಅಂದರೆ ಈಗ ಎಲ್ಲರೂ ಮಿರರ್‌ಲೆಸ್ ಕಡೆ ಹೋಗ್ತಿದಾರೆ. ಒಳಗೆ ಕನ್ನಡಿ ಇಲ್ಲ, ಹಗುರ, ಕಣ್ಣನ್ನ ತಾನೇ ಹುಡುಕಿ ಫೋಕಸ್ ಮಾಡುತ್ತೆ. ಕ್ಯಾನನ್ ಆರ್50, ನಿಕಾನ್ ಝಡ್30, ಸೋನಿ ಝಡ್‌ವಿ-ಇ10 ಇವೆಲ್ಲ ಹೊಸಬರಿಗಾಗಿಯೇ ಮಾಡಿದವು. ಆದರೆ ಹೊಸ ಮಿರರ್‌ಲೆಸ್ ಕಡೆ ಹೋದರೆ ನಿನ್ನ 40,000ದಲ್ಲಿ ಆ ಹತ್ತು ರೂಪಾಯಿ ನಾಣ್ಯದ ಕಿಂಡಿಗೆ ದುಡ್ಡು ಉಳಿಯೋದಿಲ್ಲ. ಅದಕ್ಕೇ ನಾನು ಹೇಳೋದು ಯಾರೋ ಬಳಸಿದ ಕ್ಯಾನನ್ 200ಡಿ, ಕನ್ನಡಿ ಇರೋ ಡಿಎಸ್‌ಎಲ್‌ಆರ್. 2017ರದ್ದು, 24 ಮೆಗಾಪಿಕ್ಸೆಲ್, ಬ್ಯಾಟರಿ ಸೇರಿ ಅರ್ಧ ಕೇಜಿಗೂ ಕಡಿಮೆ. ಪರದೆ ಹೊರಕ್ಕೆ ಮಡಚುತ್ತೆ, ಮುಟ್ಟಿದ ಕಡೆ ಫೋಕಸ್ ಆಗುತ್ತೆ. ನೆಲಕ್ಕೆ ಕ್ಯಾಮೆರಾ ಇಟ್ಟು ಅಣಬೆ ತೆಗೆಯುವಾಗ ನೀನು ಕೆಸರಲ್ಲಿ ಮಲಗಬೇಕಾಗಿಲ್ಲ. ಹೊರಗಿನ ಮೈಕ್ ಚುಚ್ಚೋದಕ್ಕೆ ಜಾಗ ಇದೆ.

ಅವಳು: ಮೈಕ್ ಅಷ್ಟು ಮುಖ್ಯವಾ?

ಮಾವ: ಅಜ್ಜಿಯ ವಿಡಿಯೊಗೆ ಅದೇ ಮುಖ್ಯ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡ್ತಾರೆ, ಮಾತು ಕೇಳದಿದ್ದರೆ ನೋಡೋದಿಲ್ಲ. ನಿಕಾನ್ ಡಿ3500 ಒಳ್ಳೇ ಚಿತ್ರ ಕೊಡುತ್ತೆ, ಒಂದು ಸಲ ಚಾರ್ಜ್ ಮಾಡಿದರೆ ಸಾವಿರದ ಮೇಲೆ ಚಿತ್ರ ತೆಗೀಬಹುದು. ಆದರೆ ಅದಕ್ಕೆ ಮೈಕ್ ಚುಚ್ಚೋ ಜಾಗ ಇಲ್ಲ. ವಿಡಿಯೊ ಬೇಡದವರಿಗೆ ಅದನ್ನೇ ಹೇಳ್ತಿದ್ದೆ. ಜೊತೆಗೆ ಇನ್ನೊಂದು ನೆನಪಿಡು, ನಿಕಾನ್‌ನ ಡಿ3000, ಡಿ5000 ಸಾಲಿನವಕ್ಕೆ ಒಳಗೆ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಹಳೇ 'ಡಿ' ಲೆನ್ಸ್ ಹಾಕಿದರೆ ಫೋಕಸನ್ನ ಕೈಯಲ್ಲೇ ತಿರುಗಿಸಬೇಕು.

ಅವಳು: ಡಿಎಸ್‌ಎಲ್‌ಆರ್ ಕಾಲ ಮುಗೀತು ಅಂತಾರಲ್ಲ. ಹಳೇದಕ್ಕೆ ದುಡ್ಡು ಹಾಕಿ ಪೋಲು ಮಾಡಿದ ಹಾಗೆ ಆಗೋದಿಲ್ವಾ?

ಮಾವ: ಪೆಟ್ಟಿಗೆ ಹಳೇದಾಗುತ್ತೆ, ಲೆನ್ಸ್ ಅಷ್ಟು ಬೇಗ ಹಳೇದಾಗೋದಿಲ್ಲ. ಕ್ಯಾನನ್‌ನ ಇಎಫ್ ಲೆನ್ಸ್‌ಗಳು 1987ರಿಂದ ಇವೆ. 2018ರಲ್ಲಿ ಅವರು ಮಿರರ್‌ಲೆಸ್‌ಗೆ ಹೊಸ ಆರ್‌ಎಫ್ ಮೌಂಟ್ ತಂದಾಗ ಜೊತೆಗೇ ಒಂದು ಅಡಾಪ್ಟರ್ ಕೂಡ ಕೊಟ್ಟರು. ನಾಲ್ಕು ವರ್ಷ ಬಿಟ್ಟು ನೀನು ಮಿರರ್‌ಲೆಸ್ ತಗೊಂಡರೂ ಈ 50ರ ಲೆನ್ಸ್ ಅದರ ಮೇಲೆ ಕೂರುತ್ತೆ, ಫೋಕಸ್ ಕೂಡ ತಾನೇ ಆಗುತ್ತೆ. ದುಡ್ಡಿನ ಲೆಕ್ಕ ಹಾಕೋಣ ಬಾ. ಶಿವಮೊಗ್ಗದಲ್ಲಿ ನನಗೆ ಪರಿಚಯದವರೊಬ್ಬರು 200ಡಿ, ಕಿಟ್ ಲೆನ್ಸ್ ಸೇರಿ 25,000 ಹೇಳಿದಾರೆ. ಬಳಸಿದ 50ರ ಲೆನ್ಸಿಗೆ 7,000. ಕಾರ್ಡ್, ಇನ್ನೊಂದು ಬ್ಯಾಟರಿ, ಗಾಳಿಯಾಡದ ಡಬ್ಬಿ, ಎಲ್ಲ ಸೇರಿ 4,000.

ಅವಳು: ಇನ್ನೂ 4,000 ಉಳಿಯಿತು.

ಮಾವ: ಅದು ಪ್ರಿಂಟ್‌ಗೆ. ವರ್ಷದ ಕೊನೆಗೆ ಇಪ್ಪತ್ತು ಚಿತ್ರ ಆರಿಸಿ ಕಾಗದದ ಮೇಲೆ ಹಾಕಿಸು. ಚೌಕಿಯ ಆ ಅಜ್ಜನಿಗೂ ಒಂದು ಪ್ರತಿ ಕೊಟ್ಟು ಬಾ.

ಅವಳು: ಬಳಸಿದ್ದು ತಗೊಳ್ಳುವಾಗ ಏನೇನು ನೋಡಬೇಕು?

ಮಾವ: ಬರಕೋ. ಶಟರ್ ಎಷ್ಟು ಸಲ ಬಿದ್ದಿದೆ ಅಂತ ಕೇಳು. ಹೊಸಬರ ದರ್ಜೆಯ ಡಿಎಸ್‌ಎಲ್‌ಆರ್‌ಗಳ ಶಟರ್ ಸಾಮಾನ್ಯವಾಗಿ ಒಂದು ಲಕ್ಷದ ಆಸುಪಾಸಿನ ಲೆಕ್ಕಕ್ಕೆ ಮಾಡಿರ್ತಾರೆ. ಇಪ್ಪತ್ತು ಮೂವತ್ತು ಸಾವಿರ ಆಗಿದ್ದರೆ ಧೈರ್ಯವಾಗಿ ತಗೋ. ನಿಕಾನ್‌ನಲ್ಲಿ ಈ ಸಂಖ್ಯೆ ಚಿತ್ರದ ಫೈಲಿನಲ್ಲೇ ಇರುತ್ತೆ, ಕ್ಯಾನನ್‌ನಲ್ಲಿ ಬೇರೆ ಸಾಫ್ಟ್‌ವೇರ್ ಬೇಕು. ಆಮೇಲೆ ಕಿಂಡಿಯನ್ನ ಎಫ್/16ಕ್ಕೆ ಕಿರಿದು ಮಾಡಿ ಬಿಳಿ ಗೋಡೆಯ ಚಿತ್ರ ತೆಗಿ. ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತೆ. ಧೂಳಿದ್ದರೆ ಒರೆಸಬಹುದು, ಗೀರಿದ್ದರೆ ಬಿಟ್ಟು ಬಾ. ಮುಚ್ಚಳ ಹಾಕಿಕೊಂಡೇ ಕೆಲವು ಸೆಕೆಂಡಿನ ಒಂದು ಚಿತ್ರ ತೆಗಿ, ಕತ್ತಲಲ್ಲಿ ಬಣ್ಣದ ಚುಕ್ಕೆ ಹೊಳೀತಾವಾ ನೋಡು. ಬ್ಯಾಟರಿ ಉಬ್ಬಿದೆಯಾ ನೋಡು. ಬಿಲ್ಲಿನ ಮೇಲಿರೋ ಸೀರಿಯಲ್ ನಂಬರ್ ಕ್ಯಾಮೆರಾದ ಮೈಮೇಲಿರೋ ನಂಬರಿಗೆ ಹೊಂದಬೇಕು. ಕೊನೇದಾಗಿ, ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡು. ಜೇಡರ ಬಲೆಯ ಎಳೆಗಳ ಹಾಗೆ ಕಂಡರೆ ಬೂಸ್ಟು. ನಮ್ಮ ಮಲೆನಾಡಿನ ಲೆನ್ಸ್‌ಗಳಿಗೆ ಇದೇ ದೊಡ್ಡ ಕಾಯಿಲೆ.

ಅವಳು: ಗಾಜಿಗೆ ಬೂಸ್ಟು ಹಿಡಿಯುತ್ತಾ?

ಮಾವ: ಕೊಟ್ಟಿಗೆಯ ಮೆಟ್ಟಿಗೆ, ಉಪ್ಪಿನಕಾಯಿಗೆ ಹಿಡಿಯೋ ಬೂಸ್ಟಿಗೆ ಗಾಜು ಬೇರೆ ಅಂತ ಗೊತ್ತಾಗೋದಿಲ್ಲ. ತೇವ, ಕತ್ತಲು, ಅಲ್ಲಾಡದ ಗಾಳಿ ಸಿಕ್ಕರೆ ಸಾಕು. ಅದಕ್ಕೇ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡು. ಜೊತೆಗೆ ತೇವ ತೋರಿಸೋ ಒಂದು ಸಣ್ಣ ಮೀಟರ್. ತೇವ ಶೇಕಡಾ 40ರಿಂದ 50ರ ಒಳಗಿದ್ದರೆ ಸಾಕು. ತೀರಾ ಒಣಗಿಸಬೇಡ, ಒಳಗಿನ ರಬ್ಬರ್, ಎಣ್ಣೆ ಕೆಡುತ್ತೆ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ತೇವ ತೆಗೆದು ಮತ್ತೆ ಹಾಕು. ಚರ್ಮದ ಚೀಲದಲ್ಲಿ ಕ್ಯಾಮೆರಾ ಇಡಲೇಬೇಡ, ಅದು ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತೆ. ಎಲ್ಲಕ್ಕಿಂತ ಒಳ್ಳೇ ಔಷಧ ಅಂದರೆ ಹೊರಗೆ ತಂದು ಬಳಸ್ತಾ ಇರೋದು. ಇದನ್ನ ನಾನು ದುಡ್ಡು ಕೊಟ್ಟು ಕಲಿತೆ.

ಅವಳು: ಏನಾಯ್ತು?

ಮಾವ: ಸ್ಟುಡಿಯೊ ಚೆನ್ನಾಗಿ ನಡೀತಿದ್ದ ಕಾಲ. ಸಾಲ ಮಾಡಿ ಒಂದು ದೊಡ್ಡ ಕ್ಯಾಮೆರಾ ತಗೊಂಡೆ. ಮದುವೆಗೆ ಮಾತ್ರ ಒಯ್ತಿದ್ದೆ. ಮನೆಗೆ ತಂದರೆ ಬೀರುವಿನಲ್ಲಿ, ಅದರದೇ ಚರ್ಮದ ಚೀಲದಲ್ಲಿ, ಬಟ್ಟೆ ಸುತ್ತಿ ಇಡ್ತಿದ್ದೆ. ಆ ವರ್ಷ ನಾಟಿಗೆ ನಿನ್ನಜ್ಜ ಗದ್ದೆಗೆ ಇಳಿದಿದ್ದರು. ಕಂಬಳಿಕೊಪ್ಪೆ ಹಾಕಿ, ಮೊಣಕಾಲುದ್ದ ಕೆಸರಲ್ಲಿ ನಿಂತು ಅಗೆ ಹಂಚ್ತಿದ್ದರು. ಜಡಿಮಳೆ. ಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಒಳ್ಳೇ ಚಿತ್ರ ಆಗುತ್ತೆ ಅಂತ ಗೊತ್ತಿತ್ತು. ಕ್ಯಾಮೆರಾ ನೆನೆದರೆ ಅಂತ ತೆಗೀಲಿಲ್ಲ. ಮುಂದಿನ ವರ್ಷ ತೆಗೆದರಾಯ್ತು ಅಂದುಕೊಂಡೆ. ಮುಂದಿನ ವರ್ಷದ ನಾಟಿಗೆ ಅವರಿರಲಿಲ್ಲ. ದೀಪಾವಳಿ ಹೊತ್ತಿಗೆ ಬೀರು ತೆಗೆದು ನೋಡಿದರೆ ಲೆನ್ಸಿಗೆ ಬೂಸ್ಟು ಹಿಡಿದಿತ್ತು.

ಅವಳು: ...

ಮಾವ: ಅವತ್ತಿನಿಂದ 'ಕೈಗೆಟುಕುವ ಬೆಲೆ' ಅನ್ನೋ ಮಾತಿಗೆ ನನ್ನದೇ ಒಂದು ಅರ್ಥ ಇಟ್ಟುಕೊಂಡಿದೀನಿ. ತಗೊಳ್ಳೋದಕ್ಕೆ ದುಡ್ಡಿದೆಯಾ ಅನ್ನೋದು ಮೊದಲ ಪ್ರಶ್ನೆ. ಮಳೆ ಹನಿ ಬೀಳುವಾಗ ಅದನ್ನ ಹೊರಗೆ ತೆಗೆಯೋ ಧೈರ್ಯ ಉಳಿಯುತ್ತಾ ಅನ್ನೋದು ಎರಡನೇದು. ಎರಡನೇದಕ್ಕೆ 'ಹೌದು' ಅನ್ನೋದಕ್ಕೆ ಆಗದಿದ್ದರೆ ಅದು ನಿನಗೆ ದುಬಾರಿ ಕ್ಯಾಮೆರಾ, ಎಷ್ಟೇ ರಿಯಾಯಿತಿಯಲ್ಲಿ ಸಿಗಲಿ.

ಅವಳು: 200ಡಿ ಮಳೆ ತಡಕೊಳ್ಳುತ್ತಾ?

ಮಾವ: ಇಲ್ಲ, ನೀರು ತಡೆಯೋ ಹಾಗೆ ಮಾಡಿದ್ದಲ್ಲ ಅದು. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಲೆನ್ಸಿನಷ್ಟು ತೂತು ಮಾಡಿ, ರಬ್ಬರ್ ಬ್ಯಾಂಡ್ ಬಿಗಿದು ತೊಡಿಸಿದರೆ ಹನಿಮಳೆಗೆ ಸಾಕು. ಮನೆಗೆ ಬಂದ ಕೂಡಲೇ ಒರೆಸಿ ಡಬ್ಬಿಗೆ ಹಾಕು.

ಅವಳು: (ಹಾಳೆ ತಗೊಂಡು ಏನೋ ಬರೆದು) ಪಟ್ಟಿಯಲ್ಲಿ ಒಂದು ಜಾಗ ಖಾಲಿ ಆಗಿತ್ತಲ್ಲ, ಅಲ್ಲಿ 'ನಾಟಿ' ಅಂತ ಸೇರಿಸಿದೆ. ಈ ಸಲ ಗದ್ದೆಗೆ ನೀವೇ ಇಳೀತೀರಲ್ಲ?

ಮಾವ: ಇಳಿದೇ ಇಳೀತೇನೆ. ಆಳು ಸಿಗೋದಿಲ್ಲ.

ಅವಳು: ನಾಟಿ ಯಾವಾಗ?

ಮಾವ: ಮಳೆ ಹಿಡಿದು ಅಗೆ ಬಲಿತರೆ ಇನ್ನು ಎರಡು ತಿಂಗಳು.

ಅವಳು: ಹಾಗಾದರೆ ನಾಳೆಯೇ ಶಿವಮೊಗ್ಗಕ್ಕೆ ಹೋಗಿ ಅವರ ಕ್ಯಾಮೆರಾ ನೋಡಿಕೊಂಡು ಬರೋಣ ಮಾವ. ಟಾರ್ಚ್ ನಾನು ತರ್ತೇನೆ.